ಹರ್ಲಿಂಗ್ ನೋಡುವುದು ಹೇಗೆ: ಊರ ಮೈದಾನದಿಂದ ಹಳೆಯ ಕಲಿಗಳವರೆಗೆ

ಐರ್ಲೆಂಡಿನ ದಕ್ಷಿಣದ ಸಣ್ಣ ಊರುಗಳಲ್ಲಿ ಬೇಸಿಗೆಯ ಸಂಜೆ ಒಂದು ಸದ್ದು ಕೇಳುತ್ತಿರುತ್ತದೆ. ಯಾರದೋ ಮನೆಯ ಹುಡುಗಿಯೋ ಹುಡುಗನೋ ಪಕ್ಕದ ಗೋಡೆಗೆ ಚೆಂಡು ಬಡಿಯುತ್ತಿರುತ್ತಾರೆ. ಟಪ್, ಟಪ್, ಟಪ್. ಅಮ್ಮ ಊಟಕ್ಕೆ ಕರೆಯುವವರೆಗೂ ನಿಲ್ಲುವುದಿಲ್ಲ. ಕೈಯಲ್ಲಿ ಆಶ್ ಮರದ ಕೋಲು, ತುದಿ ಅಗಲ, ನಮ್ಮ ಅನ್ನದ ಹುಟ್ಟಿನ ಹಾಗೆ. ಆ ಕೋಲಿಗೆ ಹರ್ಲಿ ಅಂತಾರೆ, ಚೆಂಡಿಗೆ ಸ್ಲಿಟರ್, ಆಟಕ್ಕೆ ಹರ್ಲಿಂಗ್.

ನಾನು ಕೆಲಸಕ್ಕೆಂದು ಕಾರ್ಕ್ ಕೌಂಟಿಗೆ ಬಂದವನು. ಮಿಡಲ್‌ಟನ್ ಊರಿನ ಹತ್ತಿರ ಮನೆ. ಮೊದಲ ವರ್ಷ ಈ ಆಟ ಟಿವಿಯಲ್ಲಿ ಬಂದಾಗ ಚೆಂಡು ಎಲ್ಲಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಕರೆದುಕೊಂಡು ಹೋಗಿ ಮೈದಾನದ ಅಂಚಿನಲ್ಲಿ ನಿಲ್ಲಿಸಿದ ಮೇಲೆ ಎಲ್ಲ ಬದಲಾಯಿತು. ಐರ್ಲೆಂಡಿಗೆ ಹೊಸದಾಗಿ ಬಂದಿರುವ ಕನ್ನಡಿಗರಿಗೆ ಮತ್ತು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಇದನ್ನು ನೋಡಬೇಕು ಅನ್ನುವವರಿಗೆ ಈ ಲೇಖನ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹರ್ಲಿಂಗ್ ಕಲಿಯಲು ನಿಯಮದ ಪುಸ್ತಕ ಹಿಡಿಯಬೇಡಿ, ಒಂದು ಊರು ಹಿಡಿಯಿರಿ. ಇಲ್ಲಿ ಆಟಗಾರ ಊರಿಗೆ ಸೇರಿದವನು. ಊರು ಹಿಡಿದರೆ ಇವತ್ತಿನ ಹುಡುಗರೂ ಸಿಗುತ್ತಾರೆ, ಎಪ್ಪತ್ತು ವರ್ಷ ಹಿಂದಿನ ಕಲಿಗಳೂ ಸಿಗುತ್ತಾರೆ.

ಮೊದಲ ಹೆಜ್ಜೆ: ಒಂದು ಕೌಂಟಿ ನಿಮ್ಮದಾಗಲಿ

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಇಡೀ ದ್ವೀಪದಲ್ಲಿ 32 ಕೌಂಟಿಗಳಿವೆ. ಆದರೆ ದೊಡ್ಡ ಕಪ್ಪಿಗೆ ಹೊಡೆದಾಡುವ ತಂಡಗಳು ಹತ್ತು ಹನ್ನೊಂದು ಮಾತ್ರ, ಅವುಗಳಲ್ಲಿ ಹೆಚ್ಚಿನವು ದಕ್ಷಿಣದವು. ಆ ದೊಡ್ಡ ಕಪ್ಪಿಗೇ ಆಲ್ ಐರ್ಲೆಂಡ್ ಅಂತಾರೆ. ಕಿಲ್ಕೆನಿ 36 ಸಲ ಅದನ್ನು ಗೆದ್ದಿದೆ. ಕಾರ್ಕ್ 30. ಟಿಪ್ಪರೇರಿ 2025ರಲ್ಲಿ ಗೆದ್ದು 29ಕ್ಕೆ ಬಂತು. ಲಿಮರಿಕ್ 12, ಅದರಲ್ಲಿ ಐದು 2018ರಿಂದ 2023ರೊಳಗೆ ಬಂದವು. ಆಮೇಲೆ ಕ್ಲೇರ್, ಗಾಲ್ವೇ, ವೆಕ್ಸ್‌ಫರ್ಡ್, ವಾಟರ್‌ಫೋರ್ಡ್, ಆಫಲಿ, ಡಬ್ಲಿನ್.

ನೀವು ಐರ್ಲೆಂಡಿನಲ್ಲಿದ್ದರೆ ಆಯ್ಕೆಯೇ ಇಲ್ಲ, ಬಾಡಿಗೆ ಮನೆ ಯಾವ ಕೌಂಟಿಯಲ್ಲಿದೆಯೋ ಅದೇ ನಿಮ್ಮದು. ದೂರದಲ್ಲಿದ್ದರೆ ಬಣ್ಣ ನೋಡಿ, ಊರು ನೋಡಿ, ಒಂದನ್ನು ಆರಿಸಿ. ಕಾರ್ಕ್ ಕೆಂಪು ಬಿಳಿ, ಕಿಲ್ಕೆನಿ ಕಪ್ಪು ಹಳದಿ ಪಟ್ಟೆ, ಟಿಪ್ಪರೇರಿ ನೀಲಿ ಚಿನ್ನದ ಬಣ್ಣ, ಲಿಮರಿಕ್ ಹಸಿರು, ಗಾಲ್ವೇ ಕಡು ಕೆಂಪು, ವೆಕ್ಸ್‌ಫರ್ಡ್ ನೇರಳೆ ಹಳದಿ. ಒಂದು ಸಲ ಆರಿಸಿದ ಮೇಲೆ ಬದಲಾಯಿಸಬೇಡಿ. ಸೋತ ವರ್ಷ ತಂಡ ಬಿಟ್ಟವರನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ.

ಹೊರಗಿನಿಂದ ಬಂದವರು ನಾವು, ನಮಗೆ ಇದೆಲ್ಲ ಯಾಕೆ ಅನ್ನಿಸುತ್ತದೆ ಅಲ್ವಾ? ಕಾರ್ಕ್ ಕೊನೆಯ ಸಲ ಕಪ್ ಗೆದ್ದದ್ದು 2005ರಲ್ಲಿ. ಅವತ್ತು ಕಪ್ ಎತ್ತಿದ ನಾಯಕ ಶಾನ್ ಓಗ್ ಒ ಹಾಲ್ಪಿನ್ ಹುಟ್ಟಿದ್ದು ಫಿಜಿಯಲ್ಲಿ, ತಾಯಿ ಅಲ್ಲಿನ ರೊಟುಮಾ ದ್ವೀಪದವರು. ಆತ ಗೆಲುವಿನ ಭಾಷಣವನ್ನು ಐರಿಷ್ ಭಾಷೆಯಲ್ಲೇ ಮಾಡಿದ. ಇರಾಕಿನಲ್ಲಿ ಹುಟ್ಟಿದ ಕುರ್ದ್ ಹುಡುಗ ಜಾಕ್ ಮೊರಾದಿ ಲೀಟ್ರಿಮ್ ಕೌಂಟಿಗೆ ಆಡಿ 2019ರಲ್ಲಿ ಡಬ್ಲಿನ್‌ನ ದೊಡ್ಡ ಮೈದಾನ ಕ್ರೋಕ್ ಪಾರ್ಕಿನಲ್ಲಿ ಕೆಳಗಿನ ಹಂತದ ಕಪ್ ಗೆದ್ದ. ಬಾಗಿಲು ತೆರೆದೇ ಇದೆ, ನಾವು ಒಳಗೆ ಹೋಗಬೇಕು ಅಷ್ಟೆ.

ಎರಡನೆಯದು: ಅಂಕ ಓದಲು ಕಲಿಯಿರಿ

ಇದಕ್ಕೆ ಐದು ನಿಮಿಷ ಸಾಕು, ಆದರೆ ಇದಿಲ್ಲದೆ ಮುಂದೆ ಹೋಗುವಂತಿಲ್ಲ. ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗಿವೆ. ಚೆಂಡು ಅಡ್ಡಪಟ್ಟಿಯ ಮೇಲಿನಿಂದ ಹೋದರೆ ಒಂದು ಪಾಯಿಂಟ್, ಬಿಳಿ ಕೋಟಿನ ಅಂಪೈರ್ ಬಿಳಿ ಬಾವುಟ ಎತ್ತುತ್ತಾನೆ. ಕೆಳಗಿನಿಂದ ಬಲೆಗೆ ಹೋದರೆ ಗೋಲ್, ಹಸಿರು ಬಾವುಟ. ಒಂದು ಗೋಲಿಗೆ ಮೂರು ಪಾಯಿಂಟಿನ ಬೆಲೆ.

ಅಂಕ ಬರೆಯುವಾಗ ಗೋಲು ಮೊದಲು, ಪಾಯಿಂಟ್ ಆಮೇಲೆ. 2024ರ ಫೈನಲ್ ನೋಡಿ: ಕ್ಲೇರ್ 3-29, ಕಾರ್ಕ್ 1-34. ಮೇಲ್ನೋಟಕ್ಕೆ ಕಾರ್ಕ್ ಹೆಚ್ಚು ಸಲ ಚೆಂಡು ದಾಟಿಸಿದೆ. ಆದರೆ ಲೆಕ್ಕ ಹಾಕಿ. ಕ್ಲೇರ್ 9 ಕೂಡಿಸು 29, ಒಟ್ಟು 38. ಕಾರ್ಕ್ 3 ಕೂಡಿಸು 34, ಒಟ್ಟು 37. ಹೆಚ್ಚುವರಿ ಸಮಯ ಆಡಿಯೂ ಒಂದೇ ಒಂದು ಪಾಯಿಂಟಿನಲ್ಲಿ ಸೋತೆವು. ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

2025ರದ್ದು ಇನ್ನೊಂದು ಪಾಠ. ವಿರಾಮಕ್ಕೆ ಕಾರ್ಕ್ ಆರು ಪಾಯಿಂಟ್ ಮುಂದಿತ್ತು. ಮುಗಿದಾಗ ಟಿಪ್ಪರೇರಿ 3-27, ಕಾರ್ಕ್ 1-18. ಎರಡನೇ ಅರ್ಧದ 35 ನಿಮಿಷ ಪೂರ್ತಿ ಕಾರ್ಕ್ ಗಳಿಸಿದ್ದು ಎರಡೇ ಪಾಯಿಂಟ್. ಹರ್ಲಿಂಗಿನಲ್ಲಿ ಆರು ಪಾಯಿಂಟ್ ಅಂದರೆ ಎರಡು ಗೋಲು, ಎರಡು ಗೋಲು ಬರಲು ಎರಡು ನಿಮಿಷ ಸಾಕು. ಹಾಗಾಗಿ ಮುಂದಿದ್ದೇವೆ ಅಂತ ಟೀ ಮಾಡಲು ಅಡುಗೆಮನೆಗೆ ಹೋಗಬೇಡಿ.

ಮೂರನೆಯದು: ಕಣ್ಣು ಎಲ್ಲಿಡಬೇಕು

ಒಂದು ತಂಡಕ್ಕೆ 15 ಜನ. ಕೌಂಟಿ ಪಂದ್ಯ 70 ನಿಮಿಷ, ಕ್ಲಬ್ ಪಂದ್ಯ 60 ನಿಮಿಷ. ಮೈದಾನದ ಉದ್ದ 130ರಿಂದ 145 ಮೀಟರ್, ಅಂದರೆ ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡದು. ಚೆಂಡನ್ನು ನೆಲದಿಂದ ಕೈಯಲ್ಲಿ ಎತ್ತುವಂತಿಲ್ಲ, ಕೋಲಿನಿಂದಲೇ ಎತ್ತಬೇಕು. ಗಾಳಿಯಲ್ಲಿ ಹಿಡಿಯಬಹುದು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಮಾತ್ರ. ಅದಕ್ಕಿಂತ ದೂರ ಓಡಬೇಕಾದರೆ ಕೋಲಿನ ತುದಿಯಲ್ಲಿ ಚೆಂಡನ್ನು ನಿಲ್ಲಿಸಿಕೊಂಡು ಓಡಬೇಕು. ಎಷ್ಟು ನೋಡಿದರೂ ನನಗೆ ಇದು ಬೇಸರವಾಗಿಲ್ಲ.

ಹೊಸಬರು ಚೆಂಡಿನ ಹಿಂದೆ ಕಣ್ಣು ಓಡಿಸುತ್ತಾರೆ, ಸುಸ್ತಾಗುತ್ತಾರೆ. ಬದಲಿಗೆ ಅಂಗಿಯ ನಂಬರ್ ಹಿಡಿಯಿರಿ. 1 ಗೋಲ್‌ಕೀಪರ್, 3 ಗೋಲಿನ ಮುಂದೆ ನಿಲ್ಲುವ ಫುಲ್ ಬ್ಯಾಕ್, 6 ಸೆಂಟರ್ ಬ್ಯಾಕ್, 8 ಮತ್ತು 9 ಮಧ್ಯದವರು, 11 ಸೆಂಟರ್ ಫಾರ್ವರ್ಡ್, 14 ಫುಲ್ ಫಾರ್ವರ್ಡ್. ಮೊದಲ ಪಂದ್ಯದಲ್ಲಿ ನಿಮ್ಮ ತಂಡದ 6 ಮತ್ತು ಎದುರಾಳಿಯ 11, ಇವರಿಬ್ಬರನ್ನೇ ನೋಡಿ. ಗೋಲ್‌ಕೀಪರ್ ಉದ್ದಕ್ಕೆ ಹೊಡೆದ ಚೆಂಡು ಇಳಿಯುವಾಗ ಇಬ್ಬರೂ ಒಟ್ಟಿಗೆ ಕೈ ಚಾಚಿ ನೆಗೆಯುತ್ತಾರೆ. ಸುತ್ತ ಕೋಲುಗಳು ಬೀಸುತ್ತಿರುತ್ತವೆ, ಒಬ್ಬನ ಬರಿಗೈಗೆ ಚೆಂಡು ಅಂಟಿಕೊಂಡು ಬರುತ್ತದೆ. ಆಗ ಜನರಿಂದ ಏಳುವ ಕೂಗು ಗೋಲಿಗೂ ಏಳುವುದಿಲ್ಲ.

ಹೆಲ್ಮೆಟ್ ಕಡ್ಡಾಯವಾದದ್ದು 2010ರಲ್ಲಿ. ಅದಕ್ಕೇ ಹಳೆಯ ಫೋಟೋಗಳಲ್ಲಿ ಎಲ್ಲರ ಮುಖ ಕಾಣುತ್ತದೆ. ಈಗಿನವರನ್ನು ನಡಿಗೆಯಿಂದ, ಕೋಲು ಹಿಡಿಯುವ ರೀತಿಯಿಂದ ಗುರುತು ಹಿಡಿಯಬೇಕು. ಹತ್ತು ಪಂದ್ಯ ನೋಡಿದರೆ ತಾನೇ ಬರುತ್ತದೆ.

ನಾಲ್ಕನೆಯದು: ವರ್ಷದ ಕ್ಯಾಲೆಂಡರ್ ಗೋಡೆಗೆ ಹಾಕಿ

2022ರಿಂದ ವರ್ಷವನ್ನು ಎರಡು ಭಾಗ ಮಾಡಿದ್ದಾರೆ, ಮೊದಲು ಕೌಂಟಿ, ಆಮೇಲೆ ಕ್ಲಬ್.

ಚಳಿ ಇನ್ನೂ ಇರುವಾಗಲೇ ರಾಷ್ಟ್ರೀಯ ಲೀಗ್ ಶುರು. ಏಪ್ರಿಲ್‌ನಲ್ಲಿ ನಿಜವಾದ ಚಾಂಪಿಯನ್‌ಶಿಪ್. ಮನ್‌ಸ್ಟರ್ ಪ್ರಾಂತ್ಯದಲ್ಲಿ ಐದು ತಂಡ: ಕಾರ್ಕ್, ಲಿಮರಿಕ್, ಕ್ಲೇರ್, ಟಿಪ್ಪರೇರಿ, ವಾಟರ್‌ಫೋರ್ಡ್. ಒಬ್ಬರ ಮೇಲೊಬ್ಬರು ಆಡುತ್ತಾರೆ, ಮೂರು ತಂಡ ಉಳಿಯುತ್ತವೆ, ಎರಡು ಮನೆಗೆ. ಲೆನ್‌ಸ್ಟರ್ ಪ್ರಾಂತ್ಯದಲ್ಲೂ ಹೀಗೇ, ಅಲ್ಲಿ ಆರು ತಂಡ. ಸಮಯ ಕಡಿಮೆ ಇದ್ದರೆ ಮನ್‌ಸ್ಟರ್ ಪಂದ್ಯಗಳನ್ನು ಬಿಡಬೇಡಿ, ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ. 2025ರ ಮನ್‌ಸ್ಟರ್ ಫೈನಲ್ ಹೆಚ್ಚುವರಿ ಸಮಯದಲ್ಲೂ ಮುಗಿಯದೆ ಪೆನಾಲ್ಟಿಗೆ ಹೋಯಿತು, ಕಾರ್ಕ್ ಲಿಮರಿಕ್ಕನ್ನು ಅದರ ಮನೆಯಂಗಳದಲ್ಲೇ ಸೋಲಿಸಿತು. ಪ್ರಾಂತ್ಯ ಗೆದ್ದವರು ನೇರ ಸೆಮಿಫೈನಲಿಗೆ. ಜುಲೈನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಫೈನಲ್, 82,300 ಜನ ಹಿಡಿಸುವ ಮೈದಾನ ತುಂಬಿ ತುಳುಕುತ್ತದೆ.

ಅದು ಮುಗಿದ ಕೂಡಲೇ ಆಟಗಾರರು ತಮ್ಮ ತಮ್ಮ ಊರಿನ ಕ್ಲಬ್ಬಿಗೆ ವಾಪಸ್. ಅಕ್ಟೋಬರ್ ಹೊತ್ತಿಗೆ ಕೌಂಟಿಯೊಳಗಿನ ಫೈನಲ್‌ಗಳು. ಗೆದ್ದ ಕ್ಲಬ್ ಪ್ರಾಂತ್ಯಕ್ಕೆ, ಅಲ್ಲಿಂದ ಜನವರಿಯಲ್ಲಿ ಆಲ್ ಐರ್ಲೆಂಡ್ ಕ್ಲಬ್ ಫೈನಲಿಗೆ. ಕಿಲ್ಕೆನಿಯ ಹಳ್ಳಿಯೊಂದರ ಕ್ಲಬ್ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಅದನ್ನು ಒಂಬತ್ತು ಸಲ ಗೆದ್ದಿದೆ.

ಮಹಿಳೆಯರ ಆಟದ ಹೆಸರು ಕಮೋಗಿ. ಅದೇ ಕೋಲು, ಅದೇ 15 ಜನ, ಚೆಂಡು ಮಾತ್ರ ಸ್ವಲ್ಪ ಚಿಕ್ಕದು. ಮಗಳಿದ್ದರೆ ಅವಳನ್ನು ಮೊದಲು ಕಮೋಗಿಗೆ ಕರೆದುಕೊಂಡು ಹೋಗಿ.

ಭಾರತದಿಂದ ನೋಡುವವರಿಗೆ ಸಮಯದ ಲೆಕ್ಕ ಸುಲಭ. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಫೈನಲ್ ಅಲ್ಲಿ ಮಧ್ಯಾಹ್ನ 3:30ಕ್ಕಾದರೆ ನಮ್ಮಲ್ಲಿ ಭಾನುವಾರ ರಾತ್ರಿ 8. ಊಟ ಬಡಿಸಿಕೊಂಡು ಕೂರುವ ಹೊತ್ತು. ಈ ಆಟ ನಡೆಸುವ ಸಂಸ್ಥೆಯ ಹೆಸರು ಜಿಎಎ, ಅದರ ಜಿಎಎ ಪ್ಲಸ್ ಅನ್ನುವ ಸೇವೆಗೆ ದುಡ್ಡು ಕೊಟ್ಟು ನೋಡಬಹುದು. ಅದೂ ಬೇಡ ಅಂದರೆ ಸ್ಥಳೀಯ ರೇಡಿಯೋ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಕ್ಲೇರ್ ಎಫ್‌ಎಂ, ಟಿಪ್ ಎಫ್‌ಎಂ ಇಂಥವು. ಒಂದು ಸಲ ಚಿತ್ರವಿಲ್ಲದೆ ಬರೀ ಧ್ವನಿಯಲ್ಲಿ ಪಂದ್ಯ ಕೇಳಿ. ಐರ್ಲೆಂಡಿನ ಎರಡು ತಲೆಮಾರು ಈ ಆಟವನ್ನು ಹಾಗೇ ಕೇಳಿ ಬೆಳೆದದ್ದು. ಮೈಕೆಲ್ ಒಹೆಯರ್ 1938ರಲ್ಲಿ ರೇಡಿಯೋ ವಿವರಣೆ ಶುರು ಮಾಡಿದಾಗ ರೇಡಿಯೋ ಇದ್ದ ಮನೆಯ ಕಿಟಕಿಯ ಹೊರಗೆ ಊರೇ ನಿಲ್ಲುತ್ತಿತ್ತು.

ಐದನೆಯದು: ಕ್ಲಬ್ ಮೈದಾನಕ್ಕೆ ಹೋಗಿ ನಿಲ್ಲಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ಇಡುತ್ತೇನೆ ಅಂದರೆ ಇದನ್ನು ಇಡಿ.

ಕ್ಲಬ್ ಅಂದರೆ ಪ್ಯಾರಿಷ್. ಒಂದು ಚರ್ಚು, ಅದರ ಸುತ್ತಲಿನ ಹಳ್ಳಿ, ಹೊಲ, ಶಾಲೆ. ಹುಟ್ಟಿ ಬೆಳೆದ ಪ್ಯಾರಿಷ್ ಯಾವುದೋ ಆ ಕ್ಲಬ್ಬಿಗೇ ಆಡುವುದು ವಾಡಿಕೆ. ದುಡ್ಡಿನ ಮಾತೇ ಇಲ್ಲ. ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನರ ಮುಂದೆ ಆಡಿದವನು ಸೋಮವಾರ ಬೆಳಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಹಸು ಕರೆಯುತ್ತಾನೆ, ಬ್ಯಾಂಕಿನಲ್ಲಿ ಕೂರುತ್ತಾನೆ. ಅವನೇ ಆಗಸ್ಟ್‌ನಲ್ಲಿ ನಿಮ್ಮಿಂದ ಹತ್ತು ಅಡಿ ದೂರದಲ್ಲಿ ಸೈಡ್‌ಲೈನ್‌ನಿಂದ ಚೆಂಡು ಹೊಡೆಯುತ್ತಾನೆ. ಕೋಲು ಚೆಂಡಿಗೆ ತಾಗಿದಾಗ ಹುಲ್ಲಿನ ಜೊತೆ ಮಣ್ಣೂ ಹಾರಿ ನಿಮ್ಮ ಶೂ ಮೇಲೆ ಬೀಳುತ್ತದೆ. ಟಿವಿಯಲ್ಲಿ ಇದು ಸಿಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಒಕ್ಕಗಳು ಮನೆತನದ ಹೆಸರಲ್ಲಿ ತಂಡ ಕಟ್ಟಿ ಹಾಕಿ ಆಡುತ್ತವಲ್ಲ, ಅದನ್ನು ನೋಡಿದವರಿಗೆ ಕ್ಲಬ್ ಹರ್ಲಿಂಗ್ ಬೇಗ ಅರ್ಥವಾಗುತ್ತದೆ. ಅಣ್ಣ 5ನೇ ನಂಬರ್, ತಮ್ಮ 12, ಚಿಕ್ಕಪ್ಪನ ಮಗ ಗೋಲಿನಲ್ಲಿ, ದೊಡ್ಡಪ್ಪ ನೀರಿನ ಬಾಟಲಿ ಹಿಡಿದು ಓಡುತ್ತಿರುತ್ತಾರೆ.

ಹೋಗುವ ಮುಂಚೆ ಕ್ಲಬ್ಬಿನ ಫೇಸ್‌ಬುಕ್ ಪುಟದಲ್ಲಿ ದಿನ, ಸಮಯ, ಮೈದಾನ ನೋಡಿಕೊಳ್ಳಿ. ಮೈದಾನ ಹಲವು ಸಲ ಮೂರನೆಯ ಊರಿನದಾಗಿರುತ್ತದೆ. ಟಿಕೆಟ್ ಈಗ ಹೆಚ್ಚಾಗಿ ಆನ್‌ಲೈನ್‌ನಲ್ಲೇ, ಗೇಟಿನಲ್ಲಿ ನಗದು ಕೊಡುತ್ತೇನೆ ಅಂತ ನಂಬಿ ಹೋಗಬೇಡಿ. ಆಗಸ್ಟ್ ಆದರೂ ಮಳೆಯ ಜಾಕೆಟ್ ಬೇಕೇ ಬೇಕು. ಫ್ಲಾಸ್ಕಿನಲ್ಲಿ ಟೀ ತನ್ನಿ. ಥರ್ಲಿಸ್‌ನ ಸೆಂಪಲ್ ಸ್ಟೇಡಿಯಂಗೆ ಹೋದರೆ ಮನೆಮಂದಿಯೆಲ್ಲ ಕಾರಿನ ಡಿಕ್ಕಿ ತೆಗೆದು ಸ್ಯಾಂಡ್‌ವಿಚ್ ತಿನ್ನುವುದನ್ನು ನೋಡುತ್ತೀರಿ. ನಾವು ಚಿತ್ರಾನ್ನದ ಡಬ್ಬಿ ತೆಗೆಯುತ್ತೇವೆ. ಪಕ್ಕದ ಕಾರಿನವರು ಒಂದು ಚಮಚ ಕೇಳಿ ತಿಂದದ್ದೂ ಇದೆ.

ಎರಡೂ ಕಡೆಯ ಬೆಂಬಲಿಗರು ಬೆರೆತೇ ಕೂರುತ್ತಾರೆ, ಬೇಲಿ ಇಲ್ಲ, ಹೊಡೆದಾಟದ ಭಯ ಇಲ್ಲ. ಮಕ್ಕಳನ್ನು ಧೈರ್ಯವಾಗಿ ಕರೆತನ್ನಿ. ವಿರಾಮದಲ್ಲಿ ಊರಿನ ಮಕ್ಕಳೆಲ್ಲ ಕೋಲು ಹಿಡಿದು ಮೈದಾನಕ್ಕೆ ಇಳಿಯುತ್ತಾರೆ. ನಿಮ್ಮ ಮಕ್ಕಳ ಕೈಯಲ್ಲೂ ಒಂದು ಸಣ್ಣ ಕೋಲಿರಲಿ. ಬೇಸಿಗೆ ರಜೆಯಲ್ಲಿ ಒಂದು ವಾರದ ಕೂಲ್ ಕ್ಯಾಂಪ್ ನಡೆಯುತ್ತದೆ, ಹೊಸ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಶುರುವಾತು ನನಗೆ ಗೊತ್ತಿಲ್ಲ. ಮಾತಿನ ಒಂದು ಸಣ್ಣ ವಿಷಯ: ಕಾರ್ಕಿನಲ್ಲಿ ಕೋಲಿಗೆ ಹರ್ಲಿ ಅಂತಾರೆ, ಕಿಲ್ಕೆನಿ ಕಡೆ ಹೋದರೆ ಹರ್ಲ್. ಆಯಾ ಊರಿನ ಮಾತು ಆಡಿ.

ಆಲ್ ಐರ್ಲೆಂಡ್ ಫೈನಲಿನ ಟಿಕೆಟ್ ಬೇಕಾದರೂ ದಾರಿ ಕ್ಲಬ್ಬೇ. ಫೈನಲ್ ಟಿಕೆಟ್‌ಗಳು ಹೆಚ್ಚಾಗಿ ಕೌಂಟಿ ಮತ್ತು ಕ್ಲಬ್‌ಗಳ ಮೂಲಕ ಹಂಚಿಕೆಯಾಗುತ್ತವೆ. ವರ್ಷದ ಸದಸ್ಯತ್ವ ಮಾಡಿಸಿ, ಲಾಟರಿ ಟಿಕೆಟ್ ಕೊಳ್ಳಿ, ಒಂದು ಶನಿವಾರ ಗೇಟಿನಲ್ಲಿ ನಿಂತು ಕೆಲಸ ಮಾಡಿ. ಆಗ ನಿಮ್ಮ ಹೆಸರೂ ಪಟ್ಟಿಗೆ ಸೇರುತ್ತದೆ.

ಆರನೆಯದು: ಹಳೆಯ ಹೆಸರುಗಳು ಸುತ್ತಲೇ ಇವೆ, ಓದಿ

ಹಳೆಯ ಕಲಿಗಳನ್ನು ತಿಳಿಯಲು ಗ್ರಂಥಾಲಯಕ್ಕೆ ಆಮೇಲೆ ಹೋಗಿ. ಮೊದಲು ಬೋರ್ಡುಗಳನ್ನು ಓದಿ. ದೊಡ್ಡ ಕಪ್ಪಿನ ಕೆಳಗಿನ ಹಂತದ ಕಪ್‌ಗಳಿಗೆಲ್ಲ ಜನರ ಹೆಸರಿದೆ: ಜೋ ಮೆಕ್‌ಡೊನಾ, ಕ್ರಿಸ್ಟಿ ರಿಂಗ್, ನಿಕಿ ರ‍್ಯಾಕರ್ಡ್, ಲೋರಿ ಮಾಹರ್. ಕಾರ್ಕ್ ನಗರದಲ್ಲಿ ರಿಂಗ್ ಹೆಸರಿನ ಸೇತುವೆ. ಲಿಮರಿಕ್ ಮೈದಾನದಲ್ಲಿ ಮಿಕ್ ಮ್ಯಾಕಿ ಹೆಸರಿನ ಸ್ಟ್ಯಾಂಡ್. ವೆಕ್ಸ್‌ಫರ್ಡ್ ಪಟ್ಟಣದಲ್ಲಿ ರ‍್ಯಾಕರ್ಡ್ ಪ್ರತಿಮೆ. ಪ್ರತಿ ಹೆಸರಿನ ಮುಂದೆ ನಿಂತು, ಯಾರಿವರು ಅಂತ ಪಕ್ಕದವರನ್ನು ಕೇಳಿ. ಸುಮ್ನೆ ಹಾದುಹೋಗಬೇಡಿ.

ಮೊದಲ ವರ್ಷಕ್ಕೆ ನಾಲ್ಕೈದು ಹೆಸರು ಸಾಕು. ನಾನು ಹೇಳುವುದು ಇವರನ್ನು.

ಕ್ರಿಸ್ಟಿ ರಿಂಗ್, ಹುಟ್ಟಿದ್ದು 1920, ಕಾರ್ಕಿನ ಕ್ಲೊಯ್ನ್ ಊರು, ಆಮೇಲೆ ನಗರದ ಗ್ಲೆನ್ ರೋವರ್ಸ್ ಕ್ಲಬ್. 1941ರಿಂದ 1954ರೊಳಗೆ ಎಂಟು ಆಲ್ ಐರ್ಲೆಂಡ್. ಹೊಟ್ಟೆಪಾಡಿಗೆ ಎಣ್ಣೆ ಲಾರಿ ಓಡಿಸುತ್ತಿದ್ದರು. ಇವರ ಜೊತೆ ಆಡಿದ ಜ್ಯಾಕ್ ಲಿಂಚ್ 1941ರಿಂದ 1946ರವರೆಗೆ ಸತತ ಆರು ವರ್ಷ ಆಲ್ ಐರ್ಲೆಂಡ್ ಪದಕ ಗೆದ್ದರು, ಐದು ಹರ್ಲಿಂಗ್, 1945ರದ್ದು ಐರ್ಲೆಂಡಿನದೇ ಆದ ಗೇಲಿಕ್ ಫುಟ್‌ಬಾಲ್. ಮುಂದೆ ಅದೇ ಲಿಂಚ್ ದೇಶದ ಪ್ರಧಾನಿಯಾದರು. 1979ರ ಮಾರ್ಚ್‌ನಲ್ಲಿ ರಿಂಗ್ ತೀರಿಕೊಂಡಾಗ ಸಮಾಧಿಯ ಬಳಿ ಮಾತಾಡಿದ್ದು ಪ್ರಧಾನಿ ಲಿಂಚ್.

ಮಿಕ್ ಮ್ಯಾಕಿ, ಲಿಮರಿಕ್ಕಿನ ಅಹೇನ್ ಕ್ಲಬ್. 1934, 1936, 1940ರ ಕಪ್‌ಗಳು. ಎದುರಾಳಿಗಳ ನಡುವೆ ನುಗ್ಗಿ ಓಡುವುದಕ್ಕೆ ಹೆಸರಾದವರು. ಒಂದು ಫೋಟೋ ಇದೆ, 1957ರ ಮನ್‌ಸ್ಟರ್ ಪಂದ್ಯದ್ದು. ಕೈಗೆ ಪೆಟ್ಟಾಗಿ ಹೊರಗೆ ನಡೆಯುತ್ತಿರುವ ರಿಂಗ್, ಬಿಳಿ ಕೋಟಿನಲ್ಲಿ ಅಂಪೈರ್ ಆಗಿ ನಿಂತ ಮ್ಯಾಕಿ. ಇಬ್ಬರೂ ಏನೋ ಮಾತಾಡುತ್ತಿದ್ದಾರೆ. ಏನು ಮಾತಾಡಿದರು ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ದಕ್ಷಿಣದ ಎಷ್ಟೋ ಪಬ್‌ಗಳ ಗೋಡೆಯಲ್ಲಿ ಈ ಫೋಟೋ ನೇತಾಡುತ್ತದೆ. ಮಾತಿಗೆ ಶುರು ಬೇಕಾದರೆ ಅದರ ಕೆಳಗಿನ ಕುರ್ಚಿಯಲ್ಲಿ ಕೂತರಾಯಿತು.

ನಿಕಿ ರ‍್ಯಾಕರ್ಡ್, ವೆಕ್ಸ್‌ಫರ್ಡಿನ ರಾತ್‌ನ್ಯೂರ್ ಕ್ಲಬ್. ಪಶುವೈದ್ಯರು. 1954ರ ಸೆಮಿಫೈನಲಿನಲ್ಲಿ ಆಂಟ್ರಿಮ್ ಮೇಲೆ ಒಬ್ಬರೇ 7-7 ಗಳಿಸಿದರು. ಈಗ ನಿಮಗೆ ಲೆಕ್ಕ ಬರುತ್ತದೆ: 28 ಪಾಯಿಂಟ್. ಕುಡಿತದಿಂದ ನರಳಿ, ಅದರಿಂದ ಹೊರಬಂದು, ಆಮೇಲೆ ಬೇರೆ ಕುಡುಕರ ಮನೆ ಮನೆಗೆ ಹೋಗಿ ಕೈ ಹಿಡಿದವರು. ವೆಕ್ಸ್‌ಫರ್ಡಿನಲ್ಲಿ ಅವರನ್ನು ಈ ಕಾರಣಕ್ಕೂ ನೆನೆಯುತ್ತಾರೆ, ಅದು ನನಗೆ ಗೋಲುಗಳಷ್ಟೇ ದೊಡ್ಡದು.

ಟಿಪ್ಪರೇರಿಯ ಜಾನ್ ಡಾಯಲ್, ರಿಂಗ್ ಹಾಗೆ ಎಂಟು ಪದಕ. ಕಿಲ್ಕೆನಿಯ ಹೆನ್ರಿ ಶೆಫ್ಲಿನ್ ಹತ್ತು. ಅವರ ಹತ್ತನ್ನು ಯಾರೂ ದಾಟಿಲ್ಲ.

ಯಾರು ಎಲ್ಲರಿಗಿಂತ ದೊಡ್ಡವರು ಅನ್ನುವ ಚರ್ಚೆಗೆ ಹೊಸಬರು ಇಳಿಯದಿರುವುದು ಒಳ್ಳೆಯದು. ಕೇಳಿಸಿಕೊಳ್ಳಿ. ಕಾರ್ಕಿನಲ್ಲಿ ಒಂದು ಉತ್ತರ, ಲಿಮರಿಕ್ಕಿನಲ್ಲಿ ಇನ್ನೊಂದು, ಕಿಲ್ಕೆನಿಯಲ್ಲಿ ಮತ್ತೊಂದು. ಪ್ರತಿಯೊಂದರ ಹಿಂದೆಯೂ ಒಬ್ಬ ಅಪ್ಪ, ಒಂದು ಮೈದಾನ, ಒಂದು ಭಾನುವಾರ ಇರುತ್ತದೆ.

ಏಳನೆಯದು: ಹಿರಿಯರ ಪಕ್ಕ ಕೂತು ಬರೆದುಕೊಳ್ಳಿ

ಒಂದು ನೋಟ್‌ಬುಕ್ ಇಡಿ. ಫೋನಿನಲ್ಲಿ ಬೇಡ. ಒಬ್ಬ ಆಟಗಾರನಿಗೆ ಒಂದು ಪುಟ. ಅದರಲ್ಲಿ ನಾಲ್ಕು ಸಾಲು ಮೊದಲು ತುಂಬಿಸಿ: ಕ್ಲಬ್, ಕೌಂಟಿ, ಆಡಿದ ವರ್ಷಗಳು, ಒಂದು ಪಂದ್ಯ. ಉಳಿದ ಪುಟ ಹಿರಿಯರು ಹೇಳಿದ್ದಕ್ಕೆ.

ಕೇಳುವ ರೀತಿ ಮುಖ್ಯ. "ರಿಂಗ್ ಹೇಗೆ ಆಡುತ್ತಿದ್ದರು?" ಅಂತ ಕೇಳಿದರೆ "ಅದ್ಭುತ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. "ಆ ಪಂದ್ಯದ ದಿನ ನೀವು ಎಲ್ಲಿದ್ದಿರಿ?" ಅಂತ ಕೇಳಿ. ಆಗ ಬಾಗಿಲು ತೆರೆಯುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರನ್ನು ನಾನು 1956ರ ಬಗ್ಗೆ ಹಾಗೆ ಕೇಳಿದೆ. ಆ ವರ್ಷ ಕಾರ್ಕಿನಲ್ಲಿ ಪೋಲಿಯೋ ಹಬ್ಬಿ ಫೈನಲ್ ಸೆಪ್ಟೆಂಬರ್ 23ಕ್ಕೆ ಮುಂದೆ ಹೋಗಿತ್ತು. ರಿಂಗ್‌ಗೆ ಒಂಬತ್ತನೇ ಪದಕದ ಆಸೆ. ಎದುರಿಗೆ ವೆಕ್ಸ್‌ಫರ್ಡ್. ಆಗ ಈ ಹಿರಿಯರಿನ್ನೂ ಹುಡುಗ, ಅಡುಗೆಮನೆಯ ರೇಡಿಯೋ ಮುಂದೆ ಅಪ್ಪನ ಜೊತೆ ಕೂತಿದ್ದರಂತೆ. ಕೊನೆಯ ನಿಮಿಷಗಳಲ್ಲಿ ಚೆಂಡು ರಿಂಗ್ ಕೈಗೆ ಬಂತು. ಇಷ್ಟು ಹೇಳಿ ಹಿರಿಯರು ಊರುಗೋಲನ್ನು ತಿರುಗಿಸಿ ಎರಡೂ ಕೈಯಲ್ಲಿ ಹಿಡಿದರು. ಬಲಗೈ ಮೇಲೆ, ಎಡಗೈ ಕೆಳಗೆ. ಕುರ್ಚಿಯಿಂದ ಏಳದೆ ಸೊಂಟದಿಂದ ತಿರುಗಿ ಹೊಡೆತ ತೋರಿಸಿದರು. ಆಮೇಲೆ ಅದೇ ಊರುಗೋಲನ್ನು ಮುಖದ ಮುಂದೆ ನೆಟ್ಟಗೆ ಹಿಡಿದರು. ಅದು ವೆಕ್ಸ್‌ಫರ್ಡಿನ ಸಣ್ಣ ಆಳು, ಗೋಲ್‌ಕೀಪರ್ ಆರ್ಟ್ ಫೋಲಿ. ಚೆಂಡು ನಿಂತಿತು. ರಿಂಗ್ ಓಡಿ ಬಂದು ಫೋಲಿಯ ಕೈ ಕುಲುಕಿದರು. ಚೆಂಡು ಆ ತುದಿಗೆ ಹೋಯಿತು, ನಿಕಿ ರ‍್ಯಾಕರ್ಡ್ ಗೋಲು ಹೊಡೆದರು. ವೆಕ್ಸ್‌ಫರ್ಡ್ 2-14, ಕಾರ್ಕ್ 2-8. ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ನಿಕ್ ಒ'ಡೊನೆಲ್ ಮತ್ತು ಬಾಬಿ ರ‍್ಯಾಕರ್ಡ್ ಸೋತ ರಿಂಗ್‌ರನ್ನು ಹೆಗಲ ಮೇಲೆ ಹೊತ್ತು ನಡೆದರು.

"ಅಪ್ಪ ರೇಡಿಯೋ ಆರಿಸಿ ಹಸು ಕರೆಯಲು ಹೋದರು. ಇನ್ನೂ ಹೊತ್ತಾಗಿರಲಿಲ್ಲ" ಅಂದರು ಹಿರಿಯರು. ಅದನ್ನೂ ಬರೆದುಕೊಂಡೆ.

ಇಂಥ ಮಾತು ಬರೆಯುವಾಗ ಒಂದು ಎಚ್ಚರ ಬೇಕು. ಫೋಲಿ ಚೆಂಡನ್ನು ಹೇಗೆ ನಿಲ್ಲಿಸಿದ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ತಿದ್ದಬೇಡಿ. ಯಾರು ಹೇಗೆ ಹೇಳಿದರೋ ಹಾಗೇ ಬರೆದು, ಹೇಳಿದ ದಿನ ಹಾಕಿ. ವರ್ಷ ಮತ್ತು ಅಂಕವನ್ನು ಮಾತ್ರ ಹಳೆಯ ಪತ್ರಿಕೆಯಲ್ಲಿ ತಾಳೆ ನೋಡಿ. ಕೌಂಟಿ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳನ್ನು ನೋಡಲು ಬಿಡುತ್ತಾರೆ, ಕೇಳಿದರೆ ಅಲ್ಲಿನವರೇ ಹುಡುಕಿ ಕೊಡುತ್ತಾರೆ. ಪಂದ್ಯದ ಪ್ರೋಗ್ರಾಂ ಪುಸ್ತಿಕೆಗಳನ್ನು ಎಸೆಯಬೇಡಿ. ಹಿಂದಿನ ಪುಟದಲ್ಲಿ ಅಂಕ, ಮಳೆಯೋ ಬಿಸಿಲೋ, ಜೊತೆಗೆ ಯಾರಿದ್ದರು ಅಂತ ಬರೆದಿಡಿ.

ಟಿಜಿ4 ಅನ್ನುವ ಐರಿಷ್ ಭಾಷೆಯ ವಾಹಿನಿಯಲ್ಲಿ ಲಾಖ್ರಾ ಗೇಲ್ ಅಂತ ಹಳೆಯ ಆಟಗಾರರ ಕಾರ್ಯಕ್ರಮ 2001ರಿಂದ ಬರುತ್ತಿದೆ, ಇಂಗ್ಲಿಷ್ ಅಡಿಬರಹ ಇರುತ್ತದೆ. ಕ್ರೋಕ್ ಪಾರ್ಕಿನೊಳಗೆ ಜಿಎಎ ಸಂಗ್ರಹಾಲಯ ಇದೆ. ಫೈನಲ್ ದಿನ ಅಲ್ಲಿಗೆ ಹೋಗುವವರಾದರೆ ಬೇಗ ಒಳಗೆ ಹೋಗಿ ಕೂತಿರಿ. 25 ವರ್ಷ ಹಿಂದೆ ಕಪ್ ಗೆದ್ದ ತಂಡವನ್ನು ಮೈದಾನಕ್ಕೆ ಕರೆತಂದು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಹೊಟ್ಟೆ ಬಂದಿರುತ್ತದೆ, ಕೂದಲು ನೆರೆತಿರುತ್ತದೆ, ಕೆಲವರು ಕುಂಟುತ್ತಾರೆ. ತೀರಿಕೊಂಡವರ ಜಾಗದಲ್ಲಿ ಮಗನೋ ಮಗಳೋ ನಿಂತಿರುತ್ತಾರೆ.

ಎಂಟನೆಯದು: ಸಾವಿನ ಮನೆಗೂ ಹೋಗಿ

ಊರಿನ ಹಳೆಯ ಆಟಗಾರ ಯಾರಾದರೂ ತೀರಿಕೊಂಡರೆ ಕ್ಲಬ್ ಪುಟದಲ್ಲಿ ಹಾಕುತ್ತಾರೆ. ಪರಿಚಯ ಇಲ್ಲ ಅಂತ ಹಿಂಜರಿಯಬೇಡಿ. ಇಲ್ಲಿ ಪರಿಚಯ ಇಲ್ಲದವರೂ ಸಾಲಿನಲ್ಲಿ ನಿಂತು ಮನೆಯವರ ಕೈ ಕುಲುಕುತ್ತಾರೆ. "ಸಾರಿ ಫಾರ್ ಯುವರ್ ಟ್ರಬಲ್" ಅನ್ನುವುದು ವಾಡಿಕೆಯ ಮಾತು, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕ್ಲಬ್ಬಿನವರು ಕ್ಲಬ್ ಬಣ್ಣದಲ್ಲಿ ರಸ್ತೆಯ ಎರಡೂ ಬದಿ ಸಾಲಾಗಿ ನಿಲ್ಲುತ್ತಾರೆ. ಶವಪೆಟ್ಟಿಗೆಯ ಮೇಲೆ ಅಂಗಿ, ಕೆಲವೊಮ್ಮೆ ಕೋಲು. ನೀವು ಸದಸ್ಯರಾಗಿದ್ದರೆ ಆ ಸಾಲಿನಲ್ಲಿ ನಿಮಗೂ ಜಾಗ ಇದೆ. ಮೊದಲ ಸಲ ನಿಂತಾಗ ನನ್ನ ಮುಂದಿನವರು ಪಕ್ಕಕ್ಕೆ ಸರಿದು ಜಾಗ ಮಾಡಿದರು, ಏನೂ ಕೇಳಲಿಲ್ಲ.

ಕೊನೆಯದು: ಒಂದು ದಿನ ಕ್ಲೊಯ್ನ್‌ಗೆ

ಕಾರ್ಕ್ ನಗರದಿಂದ ಮಿಡಲ್‌ಟನ್‌ಗೆ ರೈಲಿದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಕ್ಲೊಯ್ನ್. ಪುಟ್ಟ ಊರು, ನಡುವೆ ಎತ್ತರದ ಹಳೆಯ ಕಲ್ಲಿನ ಗೋಪುರ. ಮೈದಾನದ ಪಕ್ಕ ರಿಂಗ್ ಪ್ರತಿಮೆ ಇದೆ, ಆಳೆತ್ತರದ್ದು, ಕಂಚಿನದು. 2005ರ ಕಪ್ ಗೆದ್ದ ಕಾರ್ಕ್ ಗೋಲ್‌ಕೀಪರ್ ಡೋನಲ್ ಓಗ್ ಕ್ಯೂಸಾಕ್, ಅದೇ ತಂಡದ ಫುಲ್ ಬ್ಯಾಕ್ ಡಿಯರ್ಮಿಡ್ ಒ'ಸಲಿವನ್, ಇಬ್ಬರೂ ಇದೇ ಊರಿನವರು.

ಸಂಜೆ ಆರರ ಮೇಲೆ ಹೋಗಿ, ಅಭ್ಯಾಸ ನಡೆಯುವ ಹೊತ್ತಿಗೆ. ನೋಟ್‌ಬುಕ್ ಜೊತೆಗಿರಲಿ. ನಾನು ಕಳೆದ ಸಲ ಹೋದಾಗ ಎಂಟು ಒಂಬತ್ತು ವರ್ಷದ ಒಬ್ಬಳು ಹುಡುಗಿ ಪ್ರತಿಮೆಯ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಕೋಲನ್ನು ಕಂಚಿನ ಕಾಲಿಗೆ ಒರಗಿಸಿದ್ದಳು. ಇದು ಯಾರು ಅಂತ ಕೇಳಿದೆ. "ಕ್ರಿಸ್ಟಿ" ಅಂದಳು, ಪಕ್ಕದ ಮನೆಯವರ ಹೆಸರು ಹೇಳಿದ ಹಾಗೆ. ಕೋಲು ಎತ್ತಿಕೊಂಡು ಮೈದಾನಕ್ಕೆ ಓಡಿದಳು.